ಒಂಬತ್ತುಗಳ ಲೆಕ್ಕ

ಮೊದಲ ಒಂಬತ್ತು ದಿನಕ್ಕೆ
ಹಾಲಿನಿಂದ ಇಳಿಸಿದ ಸಾರಾಯಿ ಹೆಪ್ಪುಗಟ್ಟುತ್ತದೆ.
ಎರಡನೆಯ ಒಂಬತ್ತಕ್ಕೆ, ಎರಡು ಸಲ ಬಟ್ಟಿಯಿಳಿಸಿದ್ದೂ.
ಮೂರನೆಯದರಲ್ಲಿ ಮೂರು ವರ್ಷದ ಹೋರಿಯ ಕೊಂಬು,
ನಾಲ್ಕನೆಯದರಲ್ಲಿ ನಾಲ್ಕು ವರ್ಷದ್ದು.
ಹೀಗೆ ಎಂಬತ್ತೊಂದು ದಿನ
ಬೆರಳು ಮಡಚಿ ಚಳಿ ಎಣಿಸಲು ಕಲಿಸಿದಳು ಅಜ್ಜಿ.
ಎಂಜಿನ್ ಆಯಿಲ್ ಯಾವ ಒಂಬತ್ತರಲ್ಲಿ ಗಟ್ಟಿಯಾಗುತ್ತದೆ
ಅಂತ ಮಾತ್ರ ಹೇಳಲಿಲ್ಲ.
ಅವಳ ಸವಾರಿಗೆ ರಕ್ತವೇ ಇತ್ತು.

ಅದಕ್ಕೇ ನಿಂತಿದ್ದೇನೆ ಯಂಜ್ಮಾಳ ಅಂಗಡಿಯಲ್ಲಿ,
ಹಿಟ್ಟಿನ ಮೂಟೆ, ಇಟ್ಟಿಗೆಯಂತೆ ಒತ್ತಿದ ಚಹಾ,
ಅವುಗಳ ಪಕ್ಕ ಮೂರು ಡಬ್ಬಿ.

ಕೆಂಪರ ಮೇಲೆ ಇಪ್ಪತ್ತು, ಒಂದು ಅಕ್ಷರ, ಐವತ್ತು.
ನೀಲಿಯ ಮೇಲೆ ಐದು, ಅದೇ ಅಕ್ಷರ, ನಲವತ್ತು.
ಆ ಅಕ್ಷರ ಚಳಿಗಾಲದ್ದಂತೆ;
ಅದರ ಮುಂದಿನ ಅಂಕಿ ಚಿಕ್ಕದಾದಷ್ಟೂ
ಚಳಿಯಲ್ಲಿ ಬೇಗ ಹರಿಯುತ್ತದಂತೆ,
ಬೆಲೆ ಮಾತ್ರ ಅರ್ಧ ಕುರಿಯಂತೆ.

ಮೂರನೆಯದು ಕಾರಿನದು, ಲೇಬಲ್ ಸುಲಿದಿದೆ.
ಅದು ಬೇಡ.
ಲಾರಿ ಓಡಿಸುವ ಮೈದುನ ಚುಲೂನ್
"ಆಯಿಲ್ ಅಂದರೆ ಆಯಿಲ್ ಅತ್ತಿಗೆ" ಎಂದು
ಹೋದ ವರ್ಷದ ಹಿಂದಿನ ವರ್ಷ ಅದನ್ನೇ ಸುರಿದಿದ್ದ.
ಬೈಕಿನ ಕ್ಲಚ್ಚು ಮುಳುಗಿರುವುದೂ ಎಂಜಿನ್ನಿನ ಎಣ್ಣೆಯಲ್ಲೇ,
ಕಾರಿಗೆ ಹಿತವಾದ ನುಣುಪು ಇದಕ್ಕೆ ಜಾರುಬಂಡೆ.
ಏರಿನ ನಡುವೆ ಎಂಜಿನ್ ಕೂಗಿಕೊಂಡಿತು,
ಚಕ್ರಕ್ಕೆ ಕೇಳಿಸಲಿಲ್ಲ.
ತಳ್ಳಿದೆ. ಹಿಂದಿನ ಸೀಟಿಗೆ ಕಟ್ಟಿದ್ದ ಗಬ್ಬದ ಮೇಕೆ
ಉದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿತ್ತು.

ಕಳೆದ ಚಳಿಗೆ ಕೆಂಪು.
ದಿನಾ ಬೆಳಗ್ಗೆ ಬೆರಣಿಯ ಕೆಂಡ ಬಾಣಲೆಯಲ್ಲಿ ತುಂಬಿ
ಎಂಜಿನ್ ಕೆಳಗೆ ಸರಿಸಿ, ಮೊಣಕಾಲೂರಿ ಊದುತ್ತಿದ್ದೆ,
ಬಾಣಂತಿಗೆ ಶಾಖ ಕೊಟ್ಟ ಹಾಗೆ.
ಹಿಮಗಾಳಿ ಎದ್ದ ದಿನ, ಅದು ಕರಗಿ ಒಮ್ಮೆ ಕೆಮ್ಮುವಷ್ಟರಲ್ಲಿ
ಹನ್ನೊಂದು ಕುದುರೆ ಗಾಳಿಯ ದಿಕ್ಕಿಗೇ ನಡೆದುಬಿಟ್ಟಿದ್ದವು.
ಸಿಕ್ಕಿದ್ದು ಒಂಬತ್ತು.
ಆ ಒಂಬತ್ತನ್ನೂ ಅಜ್ಜಿ ಕಲಿಸಿರಲಿಲ್ಲ.

ಆದರೆ ಗಾಲ್ಸನ್ ಹೇಳುತ್ತಾನೆ,
ಇಡೀ ಝಾವ್‌ಖಾನಿನಲ್ಲಿ ತಾನೊಬ್ಬನೇ ಮೆಕ್ಯಾನಿಕ್ ಎಂಬ ದನಿಯಲ್ಲಿ:
"ಹತ್ತೊಂಬತ್ತು ವರ್ಷದ ಎಂಜಿನ್ನು. ಹಲ್ಲು ಸಡಿಲ.
ತೆಳ್ಳಗಿನದು ಕುಡಿಸಿದರೆ ಜೊಲ್ಲು ಸುರಿಸುತ್ತೆ."

ಹೇಳಿದ್ದು ಸುಳ್ಳಲ್ಲ. ಅದೇ ಕಷ್ಟ.

"ಎರಡನ್ನೂ ಹೊರಗಿಡಲೇ, ಒಂದು ಗಳಿಗೆ?"
ಯಂಜ್ಮಾ ಹುಬ್ಬೇರಿಸಿದಳು, ಬೇಡವೆನ್ನಲಿಲ್ಲ.
ಹಿಮದಲ್ಲಿ ಎರಡು ಡಬ್ಬಿ ಕೂತವು.
ಒಳಗೆ ನಾವು ಉಪ್ಪು ಹಾಕಿದ ಚಹಾ ಕುಡಿದೆವು,
ಅವಳ ಮಗಳ ಗಂಡನನ್ನು ಬೈದೆವು,
ಮತ್ತೊಂದು ಬಟ್ಟಲು ಕುಡಿದೆವು,
ಬೈಯಲು ಇನ್ನೂ ಉಳಿದಿತ್ತು.

ಡಬ್ಬಿಯ ಪಕ್ಕದಲ್ಲೊಂದು ಗಾಜಿನಂಥ ಪಟ್ಟಿ ಇರುತ್ತದೆ, ಬೆರಳಗಲ.
ಕೆಂಪನ್ನು ತಲೆಕೆಳಗು ಮಾಡಿ ಹಿಡಿದೆ.
ಒಳಗಿನ ಗಾಳಿಗುಳ್ಳೆ ಮೇಲೇಳಲಿಲ್ಲ,
ಅಂಬರಿನಲ್ಲಿ ಸಿಕ್ಕ ನೊಣದ ಹಾಗೆ.
ನೀಲಿಯನ್ನು ತಿರುಗಿಸಿದೆ.
ತುಸು ತಡೆಯಿತು,
ಆಮೇಲೆ ಹೊರಟಿತು ಗುಳ್ಳೆ,
ಅವಸರವಿಲ್ಲದ ಮುದುಕಿ ದಿಬ್ಬ ಹತ್ತಿದಂತೆ,
ಆದರೂ ಹೊರಟಿತು.

ದುಡ್ಡು ಎಣಿಸಿದೆ. ಯಂಜ್ಮಾ ಎರಡು ಸಲ ಎಣಿಸಿದಳು.
ನಿಲುವಂಗಿಯ ಎದೆಯೊಳಗೆ, ನಡುಪಟ್ಟಿಯ ಮೇಲೆ,
ಹೊತ್ತಲ್ಲದ ಹೊತ್ತಲ್ಲಿ ಹುಟ್ಟಿದ ಮರಿಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ
ಡಬ್ಬಿಯನ್ನು ಇಟ್ಟುಕೊಂಡೆ.
ದಾರಿಯುದ್ದಕ್ಕೂ ಹೊಟ್ಟೆ ತಣ್ಣಗೆ.

ಸಂಜೆ ಹಳೆಯದನ್ನು ಬಸಿದೆ.
ಬರಲು ಎಷ್ಟು ಹೊತ್ತು! ಕರ್ರಗೆ, ಎಳೆಎಳೆಯಾಗಿ,
ಮಾತು ಮುಗಿಸಲಾರದ ನೆಂಟನಂತೆ.
ಅದನ್ನು ಬಾಗಿಲ ತಿರುಗಣೆಗೆ ಬಳಿದೆ. ಕಿರುಗುಟ್ಟುವುದು ನಿಂತಿತು.

ಇಂದು ಮೂರನೆಯ ಒಂಬತ್ತಿನ ಮೊದಲ ಬೆಳಗು.
ಕೆಂಡ ತುಂಬಲಿಲ್ಲ, ಬಾಣಲೆ ಗೋಡೆಗೊರಗಿಯೇ ಇತ್ತು.
ಒಂದು ಕಿಕ್, ಏನಿಲ್ಲ.
ಎರಡು, ನಾಯಿ ತಲೆಯೆತ್ತಿತು.
ಮೂರಕ್ಕೆ ಗುಡುಗುಡು ಎಂದಿತು,
ದಿಬ್ಬದ ಮೇಲಿನ ಒಂಬತ್ತೂ ಕುದುರೆ ಕಿವಿ ತಿರುಗಿಸಿದವು.

ಎಂಜಿನ್ ಕೆಳಗೆ, ಹಿಮದ ಮೇಲೆ,
ಕುರಿಹಿಕ್ಕೆಯಷ್ಟು ಒಂದು ಕಂದು ಕಲೆ.
ಸ್ವಲ್ಪ ಹೊತ್ತಿಗೆ ಅದರ ಪಕ್ಕ ಇನ್ನೊಂದು.
ಸೋರುವುದಕ್ಕೂ ಮೊದಲು ಹರಿಯಬೇಕಲ್ಲ, ಅಂದುಕೊಂಡೆ.

ದೂರದಲ್ಲಿ ಗಾಲ್ಸನ್ ಬರುತ್ತಿದ್ದ.
ಬೂಟಿನ ತುದಿಯಿಂದ ಹಿಮ ಎಳೆದು
ಮುಚ್ಚಿಬಿಟ್ಟೆ.