ನಾಲ್ಕು ಬೆರಳು ಎತ್ತರ

ಗಂಗಾವತ್ಯಾಗ ಸೊಂಟದ ಫೋಟೋ ತೆಗೆಸಿದ್ವಿ.
ಕಿಟಕಿ ಬೆಳಕಿಗೆ ಹಿಡಿದು ಡಾಕ್ಟರು ಹೇಳಿದ:
"ಹೊನ್ನೂರಮ್ಮ, ಕುಕ್ಕರಗಾಲಲ್ಲಿ ಕೂರೋದು ಬಿಡಬೇಕು."
ಬಿಡ್ತೀನಿ ಸಾಹೇಬ್ರ,
ಹರಿಗೋಲು ಒಪ್ಪಬೇಕಲ್ಲ.

ಅದು ಬಿದಿರಿನ ಗುಂಡನ ಬುಟ್ಟಿ,
ತಳಕ್ಕ ಪ್ಲಾಸ್ಟಿಕ್ಕು, ಅದರ ಮ್ಯಾಲೆ ಡಾಂಬರು.
ಹಿಂದು ಇಲ್ಲ, ಮುಂದು ಇಲ್ಲ;
ನಾ ಎಲ್ಲಿ ಕುಂತರ ಅದೇ ಮುಂದು.
ಇಪ್ಪತ್ತೊಂದು ವರ್ಷ ಅಂಚಿಗೆ ಕುಂತು, ಬಗ್ಗಿ,
ಆನೆಗುಂದಿಯಿಂದ ಆಚಿ ದಂಡಿತನಕ
ನೀರನ್ನ ನನ್ನ ಕಡೆ ಎಳಕೊಂಡೀನಿ.

ಮೊದಲು ಹಲಿಗಿ. ಬಡಿಗೇರ ಮೌನೇಶ
ಬೇವಿನ ಕಟ್ಟಿಗಿ ಹೆರೆದು, ಅಂಚು ಉಜ್ಜಿ,
"ರಾಣಿ ಹಂಗ ಕುಂದ್ರು" ಅಂದ.
ಗೇಣುದ್ದ ಮ್ಯಾಲೇರಿದ್ದೆ, ಅಷ್ಟ.
ನಡುಹೊಳಿಯಾಗ ಹರಿಗೋಲು ತೊಟ್ಟಿಲಾತು,
ಬಾಳಿಹಣ್ಣಿನ ಫಕೀರವ್ವ
ಎರಡೂ ಕೈಲೆ ನನ್ನ ಸೆರಗು ಹಿಡಿದು
ಹರಕೆ ಹೊರದ ದೇವರನ್ನೂ ಕರೆದಳು.
ಎತ್ತರ ಅನ್ನೂದು ನೀರಿಗೆ ಹಿಡಿಸೂದಿಲ್ಲ.
ಆ ಹಲಿಗಿ ಮ್ಯಾಲೆ ಈಗ ಮನ್ಯಾಗ
ತುಂಬಿದ ಕೊಡ ಕುಂತಾವ, ರಾಣಿಯರ ಹಂಗ.

ಕಾಲು ಕೊಯ್ದ ಪ್ಲಾಸ್ಟಿಕ್ ಕುರ್ಚಿ ತಂದ ತಮ್ಮ ಸಣ್ಣೆಪ್ಪ:
ಬೆನ್ನಿಗೆ ಆಸರ, ತೋಳಿಗೆ ಆಸರ,
ಹುಟ್ಟು ಹಾಕಾಕ ಮೊಣಕೈಗೆ ಜಾಗ ಇಲ್ಲ.
ಪಾಪ, ವಯಸ್ಸಾದ ಒಬ್ಬ ಮಾಸ್ತರರಿಗೆ ಕೊಟ್ಟೆ.
ಗತ್ತಿಲೆ ಕುಂತು ಪೇಪರು ಬಿಚ್ಚಿದರು.
ಹರಿಗೋಲು ಒಂದೂವರೆ ಸುತ್ತು ತಿರುಗಿ
ಅವರ ಮುಖ ಬಿಟ್ಟು ಬಂದ ಊರಿಗೇ ಆತು;
ದಂಡಿ ಮುಟ್ಟಿದ್ದು ಅವರಿಗೆ
ಬೆನ್ನಿಗೆ ತಾಕಿದ ಮ್ಯಾಲೆ ಗೊತ್ತಾತು.

ಟ್ಯೂಬಿನ ಸಂಗತಿ ಹೇಳಬಾರದು.
ಪಂಕ್ಚರ್ ಖಾದರಬಾಷಾ ಪುಕ್ಕಟೆ ಕೊಟ್ಟಿದ್ದ.
ಕುಂತಾಗೊಂದು, ಎದ್ದಾಗೊಂದು ಸಪ್ಪಳ.
ಶಾಲಿ ಹುಡುಗರು ಒಂದು ವಾರ
ನನ್ನ ಹರಿಗೋಲೇ ಬೇಕಂತ ಕಾದು ನಿಂತರು.

ಹೊಟ್ಟಿನ ಚೀಲ ಚಲೋ ಇತ್ತು, ಸುಳ್ಳು ಯಾಕ.
ರೈಸ್ ಮಿಲ್ಲಿನ ಭತ್ತದ ಹೊಟ್ಟು ತುಂಬಿ, ಬಾಯಿ ಹೊಲಿದು
ಕುಂತರ ತೊಡಿ ಅಳತಿಗೆ ತಾನೇ ತಗ್ಗಾಕ್ಕಿತ್ತು.
ಒಂಬತ್ತು ದಿನ ಸೊಂಟ ಮಾತಾಡಲಿಲ್ಲ.
ಹತ್ತನೇ ದಿನ ಹೊಲಿಗಿಯೊಳಗಿಂದ
ಹಸಿರು!
ಅಲ್ಲೊಂದು ಇಲ್ಲೊಂದು ಉಳಿದಿದ್ದ ಕಾಳು
ತಳದ ನೀರು ಕುಡಿದು, ನನ್ನ ಮೈಬಿಸಿಗೆ
ಮೊಳಕಿ ಒಡೆದಿದ್ದವು.
ಕೈಯಾಗೊಂದು ಹುಟ್ಟು, ಕುಂಡಿ ಕೆಳಗೊಂದು ಹುಟ್ಟು.
ಮತ್ತೆ ಅದರ ಮ್ಯಾಲೆ ಕುಂದ್ರಾಕ ಮನಸಾಗಲಿಲ್ಲ.
ದಂಡಿ ಕೆಸರಿನಾಗ ಚೀಲ ಹರಿದು ಸುರುವಿ ಬಂದೆ.

ಕೌದಿ ಹಾಸು ಅಂದರು. ಹಾಸಲಿಲ್ಲ.
ಅದು ಅವ್ವ ಹೊಲಿದದ್ದು.

ಅವತ್ತು ಬರಿಗೈಲೆ ಹೋಗಿದ್ದೆ.
ಒಂದು ಮೂಲಿಯಾಗ ಹರಿದ ಬಲಿ ಬಿದ್ದಿತ್ತು
(ಮೂಲಿ ಅಂದೆ ನೋಡ್ರಿ, ಹರಿಗೋಲಿಗೆ ಎಲ್ಲಿಯ ಮೂಲಿ),
ನೀರುನಾಯಿ ಕಡಿದು ತೂತು ಬಿದ್ದದ್ದು,
ಹುಲಗಪ್ಪ ಬ್ಯಾಡಂತ ಬಿಟ್ಟು ಹೋಗಿದ್ದ.
ಕೊಡದ ಸಿಂಬಿ ಸುತ್ತಿದಂಗ ಸುತ್ತಿ
ಅದರ ಮ್ಯಾಲೆ ಕುಂತು ಒಂದು ಕಾಲು ಚಾಚಿದೆ.
ನಾಲ್ಕು ಬೆರಳು ಎತ್ತರ.
ಹೊಳಿಗೆ ಅಷ್ಟು ನಡೀತೈತಿ, ನನಗೂ.
ತೊಯ್ಯಾಕಂತನ ಹುಟ್ಟಿದ್ದು ಅದು,
ತೊಯ್ದರ ಕೆಡೂದಿಲ್ಲ, ಮೊಳಿಯೂದಿಲ್ಲ.
ಮೀನಿನ ವಾಸನಿ ಐತಿ, ಖರೆ.
ಊರು ನೋಡಾಕ ಬಂದ ಹೆಣ್ಮಗಳು
ಮೂಗಿಗೆ ದುಪಟ್ಟಾ ಹಿಡಿದಳು. ಹಿಡೀಲಿ.
ಇಳಿಯೂವಾಗ ಆಕೀನೂ
ಸೊಂಟಕ್ಕ ಕೈ ಕೊಟ್ಟ ಎದ್ದಳು.

ರಾತ್ರಿ ಎಣ್ಣಿ ಹಚ್ಚೂವಾಗ ಮಗಳು ಗಾಳೆಮ್ಮ
"ಅವ್ವಾ, ತೊಡಿ ತುಂಬ ಚೌಕ ಚೌಕ" ಅಂದು
ಬೆರಳಿಟ್ಟು ಎಣಿಸಾಕ ಹತ್ತಿದಳು.
ನಲವತ್ತಕ್ಕ ತಪ್ಪಿತು, ಮತ್ತೆ ಮೊದಲಿಂದ.
ನಾ ಅಲ್ಲಾಡಲಿಲ್ಲ.
ಒಂದು ಕಡೆ ಆಕಿ ಬೆರಳು ನಿಂತಿತು,
"ಇಲ್ಲಿ ಯಾಕ ಏನೂ ಇಲ್ಲ?"
ಅಲ್ಲಿಂದ ಮೀನು ಹೋದವು, ಅಂದೆ.