ನಾಲ್ಕನೆಯ ಲೋಟ

ಮಜಗಾಂವಿನ ರಾತ್ರಿಶಾಲೆಯಲ್ಲಿ ಪ್ರನಾಳಗಳಿರಲಿಲ್ಲ.
ಕಟಿಂಗ್ ಚಹಾದ ಲೋಟ ಮೂರು, ಹೋಟೆಲಿನ ತೇಜು
ಗಲ್ಲಾದ ಕಣ್ಣು ತಪ್ಪಿಸಿ ತಂದ.
ಮೊಳೆಗಳು ಕರ್ಕೇರ ಮಾಸ್ತರರವು.

ಒಂದಕ್ಕೆ ನಲ್ಲಿನೀರು.
ಒಂದಕ್ಕೆ ಕುದಿಸಿದ ನೀರು, ಮೇಲೆ ಬೆರಳು ದಪ್ಪ ತೆಂಗಿನೆಣ್ಣೆ:
"ಗಾಳಿಗೆ ಬಾಗಿಲು ಹಾಕಿದೆವು ನೋಡಿ."
ಮೂರನೆಯದಕ್ಕೆ ಸುಟ್ಟ ಸುಣ್ಣ,
ಬಾಯಿಗೆ ಸೈಕಲ್ ಟ್ಯೂಬಿನ ತುಂಡು, ಬಿಗಿದ ದಾರ.
ಜುಲೈ ತಿಂಗಳು. ಕರಿಹಲಗೆಯೇ ಬೆವರುತ್ತಿತ್ತು,
ಸೀಮೆಸುಣ್ಣ ಜಾರುತ್ತಿತ್ತು.

ದೂಮ ತಡವಾಗಿ ಬಂದ, ದಾರುಖಾನೆಯಿಂದ.
ಅಲ್ಲಿ ಹಡಗು ಒಡೆಯುತ್ತಾರೆ, ಇವನು ಹೊರುತ್ತಾನೆ.
ಉಗುರಿನ ಸಂದಿಯಲ್ಲಿ ಇಟ್ಟಿಗೆ ಬಣ್ಣ
ಎಷ್ಟು ಸೋಪು ತಿಕ್ಕಿದರೂ.
ಲೋಟಗಳನ್ನು ಸುತ್ತು ಹಾಕಿ ನೋಡಿದ, ಏನೂ ಅನ್ನಲಿಲ್ಲ.
ಮರುದಿನ ತೇಜುವನ್ನು ಕಾಡಿ ಇನ್ನೊಂದು ಲೋಟ ಪಡೆದು
ಅದರಲ್ಲಿ ಕಡಲು ತಂದ.

ಮುಂದಿನ ಬುಧವಾರ
ಎಣ್ಣೆಯಡಿಯ ಮೊಳೆ ಅಂಗಡಿಯಿಂದ ಈಗಷ್ಟೇ ಬಂದ ಹಾಗೆ.
ಸುಣ್ಣದ್ದೂ ಹಾಗೇ.
ನಲ್ಲಿಯದಕ್ಕೆ ಕಂದು ಮೀಸೆ.
ನಾಲ್ಕನೆಯದರಲ್ಲಿ ಮೊಳೆ ಕಾಣಿಸಲೇ ಇಲ್ಲ,
ಯಾರೋ ಪಾನ್ ಉಗುಳಿದ್ದಾರೆ ಅನ್ನಿಸಿತು.

ಮಾಸ್ತರು ಹಲಗೆ ಒರೆಸಿ ಬರೆದರು:
ಹಡಗು ಕತ್ತರಿಸುವುದು ಭೌತ ಬದಲಾವಣೆ. ತುಂಡೂ ಕಬ್ಬಿಣವೇ.
ತುಕ್ಕು ರಾಸಾಯನಿಕ ಬದಲಾವಣೆ. ಹೊಸ ವಸ್ತು.
ಕಬ್ಬಿಣ ಆಮ್ಲಜನಕವನ್ನು, ನೀರನ್ನು
ಒಳಕ್ಕೆ ಕರೆದುಕೊಳ್ಳುತ್ತದೆ,
ಆದ್ದರಿಂದ ತೂಕ ಹೆಚ್ಚುತ್ತದೆ.

"ಹೆಚ್ಚುತ್ತದಾ ಸರ್?"
ದೂಮ ಎದ್ದು ನಿಂತಿದ್ದ.
"ಹೆಚ್ಚುತ್ತದೆ."
"ಮತ್ತೆ ಸೇಟು ಕ್ವಿಂಟಲಿಗೆ ನಾಲ್ಕು ಕಿಲೋ
ತುಕ್ಕಿನ ಹೆಸರಲ್ಲಿ ಕಡಿತ ಹಾಕುವುದು?"

"ಅವನು ಕೊಳ್ಳುವುದು ಕಬ್ಬಿಣ ಮಾರಾಯ, ತುಕ್ಕನ್ನಲ್ಲ."

"ಕೊಳ್ಳುವುದಕ್ಕಲ್ಲ ಸರ್. ನನ್ನ ಹೊರೆಕೂಲಿಯಲ್ಲಿ.
ಹೆಗಲಿಗೆ ಅದು ಬೇರೆ, ಇದು ಬೇರೆ ಅಂತ ಗೊತ್ತಾಗುವುದಿಲ್ಲ."

ಕೆಳಗೆ ಬಂದರು ರಸ್ತೆಯಲ್ಲಿ ಲಾರಿ ರಿವರ್ಸ್ ತೆಗೆಯುತ್ತಿತ್ತು,
ಕ್ಲೀನರ್ ಹುಡುಗ ಆನೇದೋ ಆನೇದೋ ಎಂದು ಕೂಗುತ್ತಿದ್ದ.
ಮಾಸ್ತರು ಸೀಮೆಸುಣ್ಣವನ್ನು ಕೈಯಲ್ಲೇ ತಿರುಗಿಸಿದರು.
ನಲವತ್ತು ವರ್ಷದ ಪಾಠದಲ್ಲಿ ಎಲ್ಲೂ ಇರಲಿಲ್ಲ
ಹೆಗಲು.

ಪರೀಕ್ಷೆಗೆ ಅದೇ ಪ್ರಶ್ನೆ ಬಂತು, ಎರಡು ಅಂಕ.
ನನಗೆ ಎರಡೂ ಸಿಕ್ಕಿತು.
ದೂಮ ಬರೆಯಲು ಬರಲಿಲ್ಲ, ಆ ವಾರ ದೊಡ್ಡ ಹಡಗು ಬಂದಿತ್ತು.
ತೇಜುವಿನ ಸಂಬಳದಲ್ಲಿ ಲೋಟ ನಾಲ್ಕಕ್ಕೆ ಕಡಿತ.

ಮೂರು ಲೋಟ ತೊಳೆದೆವು.
ನಾಲ್ಕನೆಯದರ ತಳದ ಕೆಂಪು
ಬೂದಿಗೂ ಹುಳಿಗೂ ಜಗ್ಗಲಿಲ್ಲ.
ಅದರಲ್ಲಿ ಈಗಲೂ ಪೆನ್ನುಗಳನ್ನು ನಿಲ್ಲಿಸಿಡುತ್ತೇನೆ,
ಮೂತಿ ಮೇಲೆ ಮಾಡಿ.