ಗೇಟಿನವನ ಭಾನುವಾರ

ತೋರಣಗಲ್ಲಿನ ಕಾರ್ಖಾನೆಯ ಮೂರನೇ ಗೇಟಿನಲ್ಲಿ
ಹದಿನಾಲ್ಕು ವರ್ಷದಿಂದ ನನ್ನದು ಒಂದೇ ಕೆಲಸ:
ಕೈಯಲ್ಲೊಂದು ಕರಿ ಕೋಲು, ಎದುರಿಗೊಂದು ಮೈ.
ಕೋಲು ಕಿರುಚಿದರೆ ಮೈಯೇ ಉತ್ತರ ಕೊಡುತ್ತದೆ:
ಚಾವಿ ಸಾಹೇಬ್ರೆ, ಬೆಲ್ಟಿನ ಬಕಲು,
ಅವ್ವ ಕಟ್ಟಿದ ತಾಯತ.
ಗಾದಿಲಿಂಗನ ತೊಡೆಯಲ್ಲಿ ರಾಡು ಇದೆ,
ದಿನಾ ಕಿರುಚುತ್ತದೆ, ದಿನಾ ನಗುತ್ತಾನೆ.

ಉಸುಕು ಹಾಗಲ್ಲ.
ಕೇಳಿದರೆ ಸುಮ್ಮನಿರುತ್ತದೆ.

ಹೋದ ಬೇಸಿಗೆ ಹೊಸಪೇಟೆಯಲ್ಲಿ ಹಳೇ ಯಂತ್ರವೊಂದ ಕೊಂಡೆ,
ಉದ್ದ ಕಾಲು, ತುದಿಗೆ ಬಳೆ, ಕಿವಿಗೆರಡು ಬಟ್ಟಲು.
ಮೊದಲು ಹಿಡಿದದ್ದು ಮನೆಯ ಹಿಂದೆ, ಸಂಡೂರಿನ ಕೆಂಪು ನೆಲಕ್ಕೆ.
ಎಲ್ಲಿ ಇಟ್ಟರೂ ಬೊಬ್ಬೆ.
ಮಣ್ಣೇ ಕಬ್ಬಿಣವಾದ ಊರಲ್ಲಿ ಕಬ್ಬಿಣ ಹುಡುಕುವುದು
ಸಂತೆಯ ನಡುವೆ ನಿಂತು "ಅಣ್ಣಾ" ಎಂದು ಕೂಗಿದ ಹಾಗೆ:
ಎಲ್ಲರೂ ತಿರುಗಿದರು.

ಅದಕ್ಕೇ ಕಂಪ್ಲಿ.
ನೀರು ಇಳಿದು ಸೇತುವೆ ಮಂಡಿವರೆಗೆ ಪಂಚೆ ಎತ್ತಿ ನಿಂತ ದಿನಗಳು.
ಅಂಬಿಗರ ಹುಲುಗ ಬೆನ್ನು ಬಿಡಲಿಲ್ಲ,
"ಬಂಗಾರ ಐತೇನ್ರಿ? ಇಲ್ಲಿ? ಇಲ್ಲಿ?"

ಮೊದಲ ದಿನ ಆರು ಸೋಡಾ ಮುಚ್ಚಳ,
ಬಲೆ ಬಿಟ್ಟ ಸೀಸದ ಗುಂಡು, ಅರ್ಧ ಬ್ಲೇಡು,
ಹೂವಿನಂಚಿನ ಹತ್ತು ಪೈಸೆ ಒಂದು.
ಯಾರೋ ಬಸ್ಸಿನ ಕಿಟಕಿಯಿಂದ ಕೈಮುಗಿದು ಎಸೆದದ್ದು.
ಹತ್ತು ಪೈಸೆಗೆ ಎಷ್ಟು ಬೇಡಿಕೊಂಡಿದ್ದರೋ.
ಮತ್ತೆ ನೀರಿಗೇ ಎಸೆದೆ.

ನಾಲ್ಕನೇ ಭಾನುವಾರಕ್ಕೆ ಕಿವಿ ಸ್ವಲ್ಪ ಪಳಗಿತು.
ತಗಡಿಗೆ ಗಂಟಲು ಕಟ್ಟಿದ ದನಿ, ಸೀಸಕ್ಕೆ ಮೊಂಡು ದನಿ,
ಅಲ್ಯೂಮಿನಿಯಂ ಮಾತ್ರ
ಬೆಳ್ಳಿಯ ಬಾಯಲ್ಲಿ ಸುಳ್ಳು ಹೇಳುತ್ತದೆ.

ಆಮೇಲೆ, ಗೇಣಾಳದಲ್ಲಿ, ಅದು.
ಬೆರಳುದ್ದದ ಪಟ್ಟಿ, ಮೈತುಂಬ ಹಸಿರು ಕಿಲುಬು,
ನಡುವೆ ಅರ್ಧ ಮುಚ್ಚಿದ ಕಣ್ಣಿನಂಥ ಸೀಳು,
ಒಂದು ತುದಿಗೆ ಎಳ್ಳುಕಾಳಿನಷ್ಟು ಮೊಳೆ.

ಹುಲುಗ ಅಂದ: ಲೈಟರಿಂದು.
ನಾನು ಅಂದುಕೊಂಡೆ: ಬೀಗದ ಹೊಟ್ಟೆಯದು, ಹಳೇ ಸಂದೂಕದ್ದು,
ಒಂದು ರಾತ್ರಿಯಿಡೀ ಆ ಸಂದೂಕದೊಳಗೆ ಏನೇನೋ ಇಟ್ಟೆ.
ಅಕ್ಕಸಾಲಿ ಮೌನೇಶ ನೋಡಿ, ಒರೆಗಲ್ಲು ಕೂಡ ತೆಗೆಯದೆ,
ಚಹಾ ತರಿಸಿದ.

ಗುಜರಿ ಅಂಗಡಿಯ ಮಾಬುನ್ನಿ
ದಾರ ಕಟ್ಟಿದ ಅಯಸ್ಕಾಂತ ತೂಗಿದಳು, ಅಂಟಲಿಲ್ಲ.
ಇಟ್ಟಿಗೆಗೆ ತಿಕ್ಕಿದಳು, ಮೂಸಿದಳು,
ನಾಲಿಗೆ ತುದಿಗೆ ಮುಟ್ಟಿಸಿ ಉಗಿದಳು.
"ಹಿತ್ತಾಳಿ. ಹನ್ನೊಂದು ಗ್ರಾಮು."
"ಏನು ಇದು ಅಂತ?"
"ತಕ್ಕಡಿಗೆ ಹೆಸರು ಯಾಕಪ್ಪ?"

ಅಲ್ಲೇ ಹಳೇ ತಿರುಪು ಆರಿಸುತ್ತ ಕೂತಿದ್ದವ
ಎಮ್ಮಿಗನೂರಿನ ಪಂಪಾಚಾರಿ,
ಬಯಲಾಟದವರ ಹಾರ್ಮೋನಿಯಂ ರಿಪೇರಿಯವ.
ಕೇಳದೆ ಕಸಿದುಕೊಂಡ, ತುಟಿಗಿಟ್ಟು ಊದಿದ.
ಬರೀ ಗಾಳಿ.
"ಪೆಟ್ಟಿಗಿ ಸ್ವರ ಇದು. ನಾಲಿಗಿ ಮುರದೈತಿ."
"ಯಾವ ಸ್ವರ?"
"ನಾಲಿಗಿನೇ ಇಲ್ಲಂದ್ರ ಯಾರು ಹೇಳಬೇಕು?
ಉದ್ದ ನೋಡಿದ್ರ ಮಂದ್ರದ್ದು. ಅಷ್ಟ."
"ಹೊಳಿಗೆ ಹೆಂಗ ಬಂತು?"
"ಹೊಳಿ ರಸೀದಿ ಕೊಡತೈತೇನು?"
ಮತ್ತೆ ತಿರುಪುಗಳ ರಾಶಿಗೆ ಬಾಗಿದ.

ಮಾಬುನ್ನಿ ಕೊಟ್ಟ ಬೆಲೆ ಐದು ರೂಪಾಯಿ. ಕೊಡಲಿಲ್ಲ.
ಅಂಗಿಯ ಜೇಬಿಗೆ ಹಾಕಿ ಮರೆತೆ.

ಸೋಮವಾರ ಪಾಳಿ ಮುಗಿದು
ಕೋಲನ್ನು ಹೊಸ ಹುಡುಗನ ಕೈಗಿತ್ತು
ನಿಯಮದ ಪ್ರಕಾರ ನಾನೇ ಕೈಯೆತ್ತಿ ನಿಂತೆ.
ಎದೆಯ ಹತ್ತಿರ ಕಿರುಚಿತು.
ಹಿಂದೆ ಸಾಲು ನಿಂತಿದೆ, ಗಾದಿಲಿಂಗ ಆಗಲೇ ನಗುತ್ತಿದ್ದಾನೆ.

"ಏನ್ ಸಾರ್ ಅದು?"

ಸ್ವರ, ಅಂದೆ.

"ಹಾಂ?"

ಹಿತ್ತಾಳೆ, ಅಂದೆ. ಹನ್ನೊಂದು ಗ್ರಾಮು. ಬರಕೋ.